ಪುನರ್ಪುಳಿಯ ಕಾಲಾಳು

"ಈ ಭಾನುವಾರ ಚೆಸ್ಸಿನಲ್ಲಿ ಕಂಪ್ಯೂಟರನ್ನು ಸೋಲಿಸದಿದ್ದರೆ, ಒಂದು ತಿಂಗಳು ಈ ಮನೆಯ ಮೀನು ಕೊಯ್ಯುವುದು ನಾನೇ!" ಎಂದು ಯಾದವರು ಘೋಷಿಸಿದ್ದೇ ತಡ, ಹೆಂಡತಿ ವಾರಿಜಾಕ್ಷಿ ಮಗಳನ್ನು ಸಾಕ್ಷಿಗೆ ಕರೆದಳು.

ಪ್ರತಿಜ್ಞೆ ಸಾಮಾನ್ಯದ್ದಲ್ಲ. ಅಜ್ಜ ದೋಣಿಯಲ್ಲಿ ಕಡಲಿಗೆ ಹೋದವರು. ಕೊಟ್ಟಾರದ ಕಚೇರಿಯಲ್ಲಿ ಕಡತ ತಿರುವುವ ಮೊಮ್ಮಗನಾದರೋ ನಲುವತ್ತೊಂಬತ್ತು ವರ್ಷಗಳಲ್ಲಿ ಒಂದೇ ಒಂದು ಬಂಗುಡೆಯ ಹೊಟ್ಟೆ ಸೀಳಿದವರಲ್ಲ!

ಎದುರಾಳಿಯ ಮೇಲೆ ಅವರಿಗೆ ಅಪಾರ ಗೌರವ. ಎಂಬತ್ತಾರು ಸೋಲುಗಳನ್ನೂ ದಿನಚರಿಯಲ್ಲಿ ದಾಖಲಿಸಿ, "ಎಂಥ ಸಂಯಮ! ಚಹಾ ಕೇಳುವುದಿಲ್ಲ, ಗೆದ್ದರೆ ಮೀಸೆ ತಿರುವುವುದಿಲ್ಲ" ಎಂದು ಷರಾ ಬರೆದಿದ್ದರು.

ಪರದೆಯ ಮೇಲಿನ ಆಟ ಮಾತ್ರ ಅವರಿಗೆ ಒಗ್ಗದು. ಊಟದ ಮೇಜಿನಲ್ಲಿ ಮರದ ಹಲಗೆ ಹಾಸಿ ಆಡುವರು. ಮಗಳು ಮೋಕ್ಷಾ ಸೋಫಾದಲ್ಲಿ ಕುಳಿತು ಅಪ್ಪನ ನಡೆಯನ್ನು ಮೊಬೈಲಿನಲ್ಲಿ ಒತ್ತಿ, ಕಂಪ್ಯೂಟರಿನ ನಡೆಯನ್ನು ಕೂಗಿ ಹೇಳುವಳು. ಸಲಹೆ ನಿಷಿದ್ಧ. ಆ ಭಾನುವಾರ ಕಪ್ಪು ಕಾಲಾಳೊಂದು ಕಾಣೆಯಾಗಿತ್ತು. ಯಾದವರು ಅಡುಗೆಮನೆಯ ಬಾಟಲಿಯಿಂದ ಹುಳಿಗೆಂದು ಇಟ್ಟಿದ್ದ ಒಣ ಪುನರ್ಪುಳಿಯ (ಕೋಕಂ) ಕಪ್ಪು ಸಿಪ್ಪೆಯೊಂದನ್ನು ತಂದು ಆ ಜಾಗದಲ್ಲಿ, ಕಪ್ಪು ರಾಜನ ಕಾವಲಿಗೆ, ನೇಮಿಸಿದರು.

ಮೂವತ್ತೊಂದನೆಯ ನಡೆಗೆ ಎದುರಾಳಿಯ ಆನೆ ಉರುಳಿತು! ಇನ್ನು ನಿಧಾನವಾಗಿ ಆಡಿದರೂ ಗೆಲುವು ಖಚಿತ. ಯಾದವರು ಗಂಭೀರವಾಗಿ ಎದ್ದು ಕೋಣೆಗೆ ಹೋಗಿ ದಿನಚರಿ ತೆರೆದು, "ಇಂದು ನಾನು ಕಂಪ್ಯೂಟರನ್ನು ಸೋಲಿಸಿದೆ" ಎಂದು ಶಾಯಿಯಲ್ಲಿ ಬರೆದರು. ಇಪ್ಪತ್ತಾರು ವರ್ಷಗಳಲ್ಲಿ ಆ ದಿನಚರಿಯ ಒಂದಕ್ಷರವನ್ನೂ ಅವರು ಹೊಡೆದುಹಾಕಿದ್ದಿಲ್ಲ. ಅಕ್ಷರ ದುಂಡಗೆ ಬರಲು ಅರ್ಧ ಗಂಟೆ ಹಿಡಿಯಿತು.

ಮರಳಿದಾಗ ಮೇಜಿನ ಮೇಲೆ ಬಿಸಿಬಿಸಿ ಸಾರಿನ ಲೋಟ.

"ವಾರಿಜಾ, ಇವತ್ತಿನ ಸಾರು ಭಾರೀ ಲಾಯ್ಕ ಉಂಟು! ಇನ್ನೊಂದು ಲೋಟ ಕೊಡು."

ಅದನ್ನೂ ಕುಡಿದು ಹಲಗೆ ನೋಡುತ್ತಾರೆ, ಕಪ್ಪು ರಾಜನ ಬಾಗಿಲು ಹಾರುಹೊಡೆದಿದೆ! ಇಷ್ಟು ಹೊತ್ತು ಕಾಣಲಿಲ್ಲವಲ್ಲ! ಈಗ ರಾಣಿ ಹೊಸ್ತಿಲಿಗೆ ಹೋದರೆ ಮುಂದಿನ ನಡೆಗೆ ಚೆಕ್‌ಮೇಟ್!

"ಮೋಕ್ಷಾ, ಕ್ವೀನ್ ಎಫ್ ಸಿಕ್ಸ್!"

"ಪಪ್ಪ... ಅಲ್ಲಿಗಾ? ಖಂಡಿತವಾ?"

"ಸಲಹೆ ಬೇಡ ಅಂತ ಹೇಳಿದ್ದೇನಲ್ಲ? ಒತ್ತು!"

ಒತ್ತಿದಳು. ಕಂಪ್ಯೂಟರ್ ರೆಪ್ಪೆ ಮಿಟುಕಿಸುವಷ್ಟೂ ತಡಮಾಡಲಿಲ್ಲ.

"ಪಾನ್ ಬಂದು ನಿಮ್ಮ ಕ್ವೀನನ್ನು ತಿಂದಿತು, ಪಪ್ಪ."

"ಯಾವ ಪಾನ್? ಅಲ್ಲಿ ಪಾನೇ ಇಲ್ಲ! ಇದು ಮೋಸ ಮಾರಾಯ್ತಿ!"

ಮೋಕ್ಷಾ ಮೊಬೈಲ್ ತಂದು ತೋರಿಸಿದಳು. ಸತ್ತ ರಾಣಿಯ ಜಾಗದಲ್ಲಿ ಕರಿಯ ಕಾಲಾಳು ಎದೆಯುಬ್ಬಿಸಿ ನಿಂತಿದ್ದ! ಯಾದವರ ಉಳಿದ ಸೈನ್ಯ ಎಂಟೇ ನಡೆಗಳಲ್ಲಿ ಮಣ್ಣುಮುಕ್ಕಿತು.

"ಇಲ್ಲಿ ಒಂದು ಪುನರ್ಪುಳಿ ಇತ್ತಲ್ಲ?" ಯಾದವರು ಕ್ಷೀಣವಾಗಿ ಕೇಳಿದರು.

"ಬಾಟಲಿಯಲ್ಲಿ ಇದ್ದದ್ದು ಸಾಲಲಿಲ್ಲ. ಮೇಜಿನಲ್ಲಿ ಒಂದು ಬಿದ್ದಿತ್ತು, ತೊಳೆದು ಸಾರಿಗೆ ಹಾಕಿದೆ," ಎಂದಳು ವಾರಿಜಾಕ್ಷಿ. "ಎಂತ ಈಗ? ಎರಡೆರಡು ಲೋಟ ಕುಡಿದದ್ದು ನೀವೇ ಅಲ್ವಾ?"

"ಅದು ಕಂಪ್ಯೂಟರಿನ ಪಾನ್!"

"ಪಾಪ ಕಂಪ್ಯೂಟರ್! ಅದರ ಆಳನ್ನೇ ನೀವು ಕುಡಿದರೂ ಒಂದು ಮಾತು ಆಡಲಿಲ್ಲ. ಏಳಿ, ಬಂಗುಡೆ ಕಾಯ್ತಾ ಉಂಟು."

ಸಾರಿನಲ್ಲಿ ಬೆಂದ ಆಳನ್ನೂ ಮರೆಯದ ಆ ಒಡೆಯನ ಮೇಲೆ ಯಾದವರ ಗೌರವ ಇಮ್ಮಡಿಸಿತು. ಹದಿನೆಂಟು ಬಂಗುಡೆ ಕೊಯ್ದು, ಮೂರು ಸಲ ಸಾಬೂನು ಹಚ್ಚಿದರೂ ವಾಸನೆ ಬಿಡದ ಕೈಯಲ್ಲಿ ಅವರು ದಿನಚರಿ ತೆರೆದರು. ಹೊಡೆದುಹಾಕುವಂತಿಲ್ಲ. ಪುಣ್ಯಕ್ಕೆ ಪೂರ್ಣವಿರಾಮ ಇಟ್ಟಿರಲಿಲ್ಲ! "ಇಂದು ನಾನು ಕಂಪ್ಯೂಟರನ್ನು ಸೋಲಿಸಿದೆ" ಎಂಬುದರ ಮುಂದೆ ದುಂಡಗೆ ಸೇರಿಸಿದರು: "ಎಂದುಕೊಂಡು ಎರಡು ಲೋಟ ಸಾರು ಕುಡಿದೆ."