ಒತ್ತುದಾ, ಮಾರಾಯ್ತಿ?

ಒಂದೇ ಮೆಷಿನನ್ನು ಇಬ್ಬರು ನಡೆಸುದಾದರೆ ನಗೆಪಾಟಲು ತಪ್ಪಿದ್ದಲ್ಲ. ಎಂಬತ್ತರ ದಶಕದ ಕೊನೆಗೆ ನಾನು ಪುತ್ತೂರಿನ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್. ಅಲ್ಲಿಯದ್ದು ನೆನೆದರೆ ಈಗಲೂ ನಗು ಬರ್ತದೆ, ಹಿಂದೆಯೇ ಬೇಜಾರೂ ಆಗ್ತದೆ.

೧

ಮಹಡಿಯಿಂದ ಮೂಟೆ ಇಳಿಸುವ ಬೆಲ್ಟಿಗೆ ಹೊಸ ಕಂಟ್ರೋಲ್ ಪೆಟ್ಟಿಗೆ ಬಂತು. ಅದಕ್ಕೆ ಅದರದ್ದೇ ಭಾಷೆ. ಕಷ್ಟಪಟ್ಟು ಕಲಿತು ಪ್ರೋಗ್ರಾಂ ಬರೆದೆ: ಮೇಲಿನ ಗುಂಡಿ, ಕೆಳಗಿನ ಗುಂಡಿ ಎರಡನ್ನೂ ಎರಡು ಸೆಕೆಂಡಿನ ಒಳಗೆ ಒತ್ತಿದರೆ ಮಾತ್ರ ಬೆಲ್ಟ್ ಹೊರಡಬೇಕು, ಇಲ್ಲದಿದ್ದರೆ ಕೆಂಪು ದೀಪ. ಯಾರ ಕೈಯೂ ಸಿಕ್ಕಿಬೀಳಬಾರದಲ್ಲ!

ಮೇಲೆ ರಾಮಕುಂಜದ ಅಕ್ಕ, ಕೆಳಗೆ ಅಜ್ಜಾವರದ ಅಕ್ಕ. ಜೀವದ ಗೆಳತಿಯರು.

"ನೀನು ಮೊದಲು ಒತ್ತು."

"ಛೇ, ದೊಡ್ಡವಳು ನೀನು!"

ಇವರ ಮರ್ಯಾದೆ ಮುಗಿಯುವಾಗ ಊಟದ ಗಂಟೆ ಆಯಿತು. ಕಡೆಗೆ ಒಂದು ಕ್ರಮ ಮಾಡಿಕೊಂಡರು. ರಾಮಕುಂಜದವಳು "ಒತ್ತುದಾ, ಮಾರಾಯ್ತಿ?" ಅಂತ ಕೂಗುದು. ಅಜ್ಜಾವರದವಳು ಬಾಯಿಯ ಎಲೆಅಡಿಕೆ ಉಗಿದು ಬಂದು "ಒತ್ತು!" ಅನ್ನುದು, ಆಗ ಇಬ್ಬರೂ ಒಟ್ಟಿಗೆ ಒತ್ತುದು. ಪೆಟ್ಟಿಗೆಗಿಂತ ಅದೇ ದೊಡ್ಡ ಕಂಟ್ರೋಲ್.

೨

ಒಮ್ಮೆ ಇಬ್ಬರೂ ಜಗಳ ಮಾಡಿ ಮಾತು ಬಿಟ್ಟರು. "ಒತ್ತಲಿಕ್ಕೆ ಹೇಳಿ ಅವಳಿಗೆ" ಅಂತ ನನ್ನ ಹತ್ತಿರ ಮೇಲಿನವಳು. ಅವಳು ಒತ್ತಿ, ನಾನು ಮೆಟ್ಟಿಲಿಳಿಯುವಾಗ ಎರಡು ಸೆಕೆಂಡು ಕಳೆದು ಕೆಂಪು ದೀಪ. ಮ್ಯಾನೇಜರ್ ಓಡಿಬಂದರು.

"ಮೆಷಿನ್ ಕೆಟ್ಟಿತಾ ಮಾರಾಯಾ?"

"ಮೆಷಿನ್ ಸರಿ ಉಂಟು ಸರ್. ಒಬ್ಬಳ ಹೊಗೆಸೊಪ್ಪು ಇನ್ನೊಬ್ಬಳು ಮುಗಿಸಿದ್ದು."

೩

ಆ ವರ್ಷದ ಮಳೆಗಾಲದಲ್ಲಿ ಅಜ್ಜಾವರದ ಅಕ್ಕ ಜ್ವರದಲ್ಲಿ ತೀರಿಹೋದಳು. ಕೆಳಗಿನ ಗುಂಡಿಗೆ ಹೊಸ ಹೆಂಗಸು ಬಂದಳು. ರಾಮಕುಂಜದ ಅಕ್ಕ ಅಭ್ಯಾಸದಂತೆ "ಒತ್ತುದಾ, ಮಾರಾಯ್ತಿ?" ಅಂತ ಕೂಗುದು, ಹೊಸಬಳು ತಕ್ಷಣ ಒತ್ತುದು. ರಾಮಕುಂಜದವಳು ಮಾತ್ರ ಒತ್ತದೆ, ಗುಂಡಿಯ ಮೇಲೆ ಕೈ ಇಟ್ಟುಕೊಂಡು ಆ ಹಳೆಯ "ಒತ್ತು!" ಕೇಳಲಿಕ್ಕೆ ಕಿವಿಗೊಟ್ಟು ನಿಲ್ಲುದು. ಮತ್ತೆ ಮತ್ತೆ ಕೆಂಪು ದೀಪ.

"ಇವಳಿಂದ ಇನ್ನು ಆಗುದಿಲ್ಲ, ಕಳಿಸಿಬಿಡುವ" ಅಂದರು ಮ್ಯಾನೇಜರ್. ಅವಳಿಗೆ ಅನ್ನಕ್ಕೆ ಬೇರೆ ದಾರಿ ಇರಲಿಲ್ಲ. ನನಗೆ ತಡೆಯಲಿಕ್ಕೆ ಆಗಲಿಲ್ಲ.

"ಒಂದು ದಿನ ಕೊಡಿ ಸರ್" ಅಂತ ಪ್ರೋಗ್ರಾಮಿನ ಸಾಲು ಬದಲಿಸಿದೆ. ಎರಡು ಸೆಕೆಂಡಿನ ಲೆಕ್ಕ ತೆಗೆದೆ. ಒಬ್ಬರು ಗುಂಡಿ ಒತ್ತಿ ಹಿಡಿದಿರುವಷ್ಟು ಹೊತ್ತೂ ಪೆಟ್ಟಿಗೆ ಇನ್ನೊಬ್ಬರಿಗೆ ಕಾಯಬೇಕು. ಸ್ವಲ್ಪ ಹೊತ್ತು ಕಾದು ಅವಳೂ ಒತ್ತಿದಳು, ಬೆಲ್ಟ್ ಹೊರಟಿತು, ಅವಳ ಕೆಲಸ ಉಳಿಯಿತು.

ಹೊಸಬಳು ಪಾಪದವಳು, ಮೆತ್ತಗಿನ ಮನಸ್ಸು. ಮರುದಿನ ಮೇಲಿನಿಂದ ಕೂಗು ಬಂದಾಗ, ಗುಂಡಿ ಒತ್ತಿ ಹಿಡಿದುಕೊಂಡೇ, "ಒತ್ತಿ ಅಕ್ಕಾ!" ಅಂದಳು.

ಮೇಲಿನಿಂದ ಗದರಿಕೆ ಬಂತು.

"ನಿನ್ನಲ್ಲಿ ಯಾರು ಕೇಳಿದ್ದು? ತಡಿ, ಅವಳು ಎಲೆಅಡಿಕೆ ಉಗಿದು ಬರಲಿ!"