ಕಿಟಕಿ ಪಕ್ಕದ ಕುರ್ಚಿಗೊಂದು ಕೇಕು

ನೀರು ಸರಬರಾಜು ಕಚೇರಿಯಲ್ಲಿ ಠಸ್ಸೆ ಒತ್ತುವ ಗುಮಾಸ್ತ, ಎಲ್ಲರ ಬಾಯಲ್ಲಿ ಬರೀ ಠಸ್ಸೆ, ತನ್ನ ಜೀವಮಾನದಲ್ಲಿ ಒಂದೇ ಒಂದು ಸಲ ಜಂಬ ಕೊಚ್ಚಿಕೊಂಡ. ಅದು ಗುರುವಾರ ಸಂಜೆ, ನಾಲ್ಕೂಕಾಲಿಗೆ.

"ನಾಳೆ ದೊಡ್ಡ ಗುಮಾಸ್ತರ ನಿವೃತ್ತಿಗೆ ಕೇಕು ನಂದು. ಅಂಗಡೀದಲ್ಲ, ಕೈಯಾರೆ ಮಾಡಿದ್ದು!" ಎಂದುಬಿಟ್ಟ.

ಅಲ್ಲಿಯವರೆಗೆ ಅವನು ಕೈಯಾರೆ ಮಾಡಿದ್ದ ಅಡುಗೆಯೆಂದರೆ ಬಿಸಿನೀರು. ಅದನ್ನೂ ಒಮ್ಮೆ ಸೀಯಿಸಿದ್ದನೆಂದು ಅವನ ಹೆಂಡತಿಯೇ ಹೇಳುತ್ತಾಳೆ.

ಆ ಜಂಬಕ್ಕೆ ಕಾರಣ ಒಂದು ಕುರ್ಚಿ. ಠಸ್ಸೆಯ ಮೇಜು ಇದ್ದದ್ದು ಶೌಚಾಲಯದ ಬಾಗಿಲಿಗೆ ಅಂಟಿಕೊಂಡು. ಬಾಗಿಲು ತೆರೆದಾಗಲೆಲ್ಲ ಅದರ ಹಿಡಿ ಅವನ ಬಲ ಮೊಣಕೈಗೆ ಬಡಿಯುತ್ತಿತ್ತು. ಹದಿನಾಲ್ಕು ವರ್ಷದಲ್ಲಿ ಎರಡು ಲಕ್ಷದ ಹತ್ತು ಸಾವಿರ ಸಲ ಬಡಿದಿದೆ. ಅನುಮಾನ ಇದ್ದವರು ಮೊಣಕೈಯನ್ನೇ ನೋಡಬಹುದು, ಅಲ್ಲಿ ಹಿಡಿಯ ಅಚ್ಚು ಮೂಡಿದೆ. ದೊಡ್ಡ ಗುಮಾಸ್ತರ ಕುರ್ಚಿಯೋ ಕಿಟಕಿಯ ಪಕ್ಕ! ಅಲ್ಲಿ ಬೀಸುವ ಗಾಳಿಗೆ ಸತ್ತ ಕಡತಗಳೂ ಎದ್ದು ಕೂರುತ್ತಿದ್ದವು. "ಆ ಜಾಗ ಯಾರಿಗೆ ಅನ್ನೋದನ್ನ ಬಿಟ್ಟು ಹೋಗೋರೇ ಹೇಳಲಿ" ಎಂದು ಸಾಹೇಬರು ಅಪ್ಪಣೆ ಕೊಟ್ಟಿದ್ದರು. ಅದೇ ಕುರ್ಚಿಗೆ ಕಣ್ಣು ಹಾಕಿದ್ದ ಟೈಪಿಸ್ಟು ಬಂಡಿಚಕ್ರದಷ್ಟು ದೊಡ್ಡ ಗೋಡೆಗಡಿಯಾರವನ್ನು ಉಡುಗೊರೆಗೆಂದು ತಂದು ಬೀರುವಿನಲ್ಲಿ ಅಡಗಿಸಿಟ್ಟಿದ್ದ. ಗಡಿಯಾರಕ್ಕೆ ಎದುರು ನಿಲ್ಲುವಂಥದ್ದೆಂದು ಠಸ್ಸೆಗೆ ಹೊಳೆದದ್ದು ಕೇಕು.

ಶುಕ್ರವಾರ ಅವನು ನಾಲ್ಕು ಗಂಟೆಯ ಬೀಳ್ಕೊಡುಗೆಯವರೆಗೆ ರಜೆ ಹಾಕಿದ. ಆಸ್ಪತ್ರೆಯಲ್ಲಿ ನರ್ಸಾಗಿದ್ದ ಹೆಂಡತಿ ಹೊರಡುವ ಮುಂಚೆ ಕೇಕ್ ಮಿಕ್ಸಿನ ಪೊಟ್ಟಣವನ್ನು ಅವನ ಕೈಗಿಟ್ಟಳು.

"ರೀ, ಇದರಲ್ಲಿ ಎಲ್ಲಾ ಇದೆ. ಎರಡು ಮೊಟ್ಟೆ, ಒಂದು ಲೋಟ ನೀರು, ಅರ್ಧ ಲೋಟ ಎಣ್ಣೆ. ಕಲಸಿ, ಓವನ್ನಲ್ಲಿಡಿ, ಮೂವತ್ತೈದು ನಿಮಿಷ ಸುಮ್ನೆ ಕೂತ್ಕೊಳಿ. ಪೊಟ್ಟಣದ ಮಾತು ಕೇಳಿ, ಬೇರೆ ಯಾರ ಮಾತೂ ಕೇಳ್ಬೇಡಿ."

"ನಾನೇನು ಮಗೂನೇನೇ?"

"ಮಗು ಆಗಿದ್ರೆ ಹೇಳಿದ್ದು ಕೇಳ್ತಿತ್ತು" ಎಂದು ಅವಳು ಚಪ್ಪಲಿ ಮೆಟ್ಟಿಕೊಂಡು ಹೋದಳು.

ಮನೆಯಲ್ಲಿ ಓವನ್ ಇರಲಿಲ್ಲ. ಅದು ಇದ್ದದ್ದು ಎದುರುಮನೆಯ ಡ್ರಿಲ್ ಮೇಷ್ಟ್ರ ಹತ್ತಿರ. ಕೆಲಸ ಬಿಟ್ಟು ಆರು ವರ್ಷವಾದರೂ ಕೊರಳ ಸೀಟಿ ಬಿಟ್ಟಿರಲಿಲ್ಲ ಆ ಮನುಷ್ಯ.

"ಓವನ್ ಕೊಡ್ತೀನಯ್ಯಾ. ಆದ್ರೆ ಅದು ಎಲ್ಲಿ ಹೋಗುತ್ತೋ ಅಲ್ಲಿಗೆ ನಾನೂ ಬರ್ತೀನಿ" ಎಂದು ಅವರು ಅದನ್ನು ಹೊತ್ತುಕೊಂಡೇ ಒಳಗೆ ಬಂದರು. ಸದ್ದು ಕೇಳಿ ಮಹಡಿಯಿಂದ ದೊಡ್ಡಮ್ಮ ಇಳಿದು ಬಂದರು. ಅವರು ಯಾರಿಗೂ ದೊಡ್ಡಮ್ಮನಲ್ಲ. ಆದರೆ ಆ ಕಟ್ಟಡದಲ್ಲಿ ಅವರ ಸಲಹೆಯಿಲ್ಲದೆ ಹಾಲು ಉಕ್ಕಿದ್ದು ಕೂಡ ಇಲ್ಲ.

ಠಸ್ಸೆ ಒಂದು ಲೋಟ ನೀರು ಎತ್ತಿಕೊಂಡ.

"ಅಯ್ಯೋ ನಿನ್ನ! ನೀರು ಹಾಕ್ತಾರೇನೋ?" ದೊಡ್ಡಮ್ಮ ಲೋಟ ಕಿತ್ತುಕೊಂಡರು. "ಕೂಲ್ ಡ್ರಿಂಕ್ಸ್ ಹಾಕು. ಗಾಳಿ ಇರುತ್ತೆ, ಚೆನ್ನಾಗಿ ಉಬ್ಬುತ್ತೆ."

"ಪೊಟ್ಟಣದ ಮೇಲೆ ನೀರು ಅಂತ ಇದೆ ದೊಡ್ಡಮ್ಮ."

"ಪೊಟ್ಟಣ ನಿನ್ನ ಎತ್ತಿ ಆಡಿಸಿತ್ತಾ?"

ಅವರೂ ಅವನನ್ನು ಎತ್ತಿ ಆಡಿಸಿರಲಿಲ್ಲ. ಆದರೂ ಠಸ್ಸೆ ಸೋತು ಒಂದು ಬಾಟಲಿ ಸುರಿದ. ಹಿಟ್ಟು ಹುಚ್ಚು ಹಿಡಿದಂತೆ ನೊರೆಗರೆಯಿತು. ಅದನ್ನು ಹದಕ್ಕೆ ತರಲು ಮೇಷ್ಟ್ರು ಕಂಡೆನ್ಸ್ಡ್ ಮಿಲ್ಕಿನ ಡಬ್ಬಿ ತಂದು, ಕೇಳುವ ಮುಂಚೆಯೇ ಪೂರ್ತಿ ಬಗ್ಗಿಸಿದರು. ಈಗ ಚಮಚ ಅಲ್ಲಾಡದಾಯಿತು. ಅದಕ್ಕೆ ದೊಡ್ಡಮ್ಮ ಇನ್ನೊಂದು ಬಾಟಲಿ ಬಿಚ್ಚಿದರು. ಹಾಗೂ ಹೀಗೂ ಅದನ್ನು ತಟ್ಟೆಗೆ ತಳ್ಳಿ ಓವನ್ನಿಗೆ ಸೇರಿಸಿದಾಗ ಗಂಟೆ ಹನ್ನೆರಡೂವರೆ.

ಕೇಕು ಉಬ್ಬಿತು. ಉಬ್ಬಿದ್ದೆಂದರೆ ಎಂಥ ಉಬ್ಬು! ಓವನ್ನಿನ ಚಾವಣಿ ಎತ್ತಿಕೊಂಡು ಹೋಗುತ್ತದೇನೋ ಅನ್ನಿಸಿತು. ಠಸ್ಸೆ ಗಾಜಿಗೆ ಮೂಗು ಒತ್ತಿ, ಅದರೊಳಗೆ ಕಿಟಕಿಯನ್ನೂ ಕುರ್ಚಿಯನ್ನೂ ಕಂಡ.

ಅಷ್ಟರಲ್ಲಿ ಪೀಂ ಎಂದು ಸೀಟಿ. "ಹಾಜರಿ!" ಎಂದು ಮೇಷ್ಟ್ರು ಓವನ್ನಿನ ಬಾಗಿಲು ತೆರೆದು, ಇಣುಕಿ, ಮುಚ್ಚಿದರು. ಐದು ನಿಮಿಷಕ್ಕೆ ಮತ್ತೆ ಪೀಂ.

"ಪದೇ ಪದೇ ತೆಗೀಬೇಡ್ರೀ, ಬೇಯೋ ಕೇಕಿಗೆ ತಣ್ಣನೆ ಗಾಳಿ ಆಗಲ್ಲ!" ಎಂದರು ದೊಡ್ಡಮ್ಮ.

"ನೋಡ್ಕೊಳ್ಳದಿದ್ರೆ ಸೀದುಹೋಗುತ್ತೆ ಕಣಮ್ಮಾ!"

"ಮುಚ್ಚಿ!"

"ತೆಗೀತೀನಿ!"

ಆರನೇ ಹಾಜರಿಗೆ ಕೇಕು ಒಂದು ನಿಟ್ಟುಸಿರು ಬಿಟ್ಟಿತು. ಮೂವರಿಗೂ ಕೇಳಿಸಿತು. ನಡು ಮೆಲ್ಲಗೆ ಒಳಗಿಳಿಯಿತು, ಇನ್ನೂ ಇಳಿಯಿತು, ಕೊನೆಗೆ ಕೊಡ ಇಳಿಬಿಟ್ಟರೆ ನೀರು ಸಿಗುವಷ್ಟು ಆಳವಾಯಿತು. ಅಂಚು ಇಟ್ಟಿಗೆ, ನಡು ಗೋಂದು.

ಠಸ್ಸೆ ನೆಲದ ಮೇಲೆ ಕುಸಿದು ಕೂತ. "ಹೋಯ್ತು. ಇನ್ನೂ ಹದಿನಾರು ವರ್ಷ ಆ ಬಾಗಿಲ ಹಿಡಿ ನನ್ನ ಹಣೇಲಿ ಬರ್ದಿದೆ."

"ಮೊಣಕೈ ಅಂದಿದ್ದೆಯಲ್ಲಯ್ಯಾ?" ಎಂದರು ಮೇಷ್ಟ್ರು.

ದೊಡ್ಡಮ್ಮ ಮಹಡಿ ಹತ್ತಿದವರು ಸೆರಗಿನ ತುಂಬ ಡಬ್ಬಿಗಳನ್ನು ತುಂಬಿಕೊಂಡು ಇಳಿದರು: ಕಸ್ಟರ್ಡ್ ಪುಡಿ, ಡಬ್ಬಿಯ ಅನಾನಸು, ಡಬ್ಬಿಯ ಕ್ರೀಮು, ಎರಡು ಪ್ಯಾಕು ಬಿಸ್ಕತ್ತು. ಮೇಷ್ಟ್ರು ತಮ್ಮ ಮನೆಯ ದೊಡ್ಡ ಗಾಜಿನ ಬಟ್ಟಲು ತಂದರು. ಹಸಿಯಾಗಿದ್ದ ನಡುವನ್ನು ಅಗೆದು ಎಸೆದು, ಬೆಂದ ಅಂಚನ್ನು ಪುಡಿ ಮಾಡಿ, ಬಿಸ್ಕತ್ತಿನ ಮೇಲೆ ಕಸ್ಟರ್ಡು, ಕಸ್ಟರ್ಡಿನ ಮೇಲೆ ಕೇಕಿನ ಪುಡಿ, ಅದರ ಮೇಲೆ ಅನಾನಸು, ತುದಿಗೆ ಕ್ರೀಮು ಎಂದು ಮೂವರೂ ಮೇಸ್ತ್ರಿಗಳ ಹಾಗೆ ಗೋಡೆ ಎಬ್ಬಿಸಿದರು.

ಬಟ್ಟಲು ತಮ್ಮದಾದ್ದರಿಂದ ಮೇಷ್ಟ್ರು ಕಚೇರಿಗೂ ಬಂದರು. ಬಸ್ಸಿನಲ್ಲಿ ಠಸ್ಸೆ ಬಟ್ಟಲನ್ನು ಎಳೆಗೂಸಿನಂತೆ ತಬ್ಬಿ ನಿಂತ. ಮೇಷ್ಟ್ರು ಸೀಟಿ ಊದಿ ಜಾಗ ಬಿಡಿಸಿದರು. ಆ ಸೀಟಿಗೆ ಬೆಚ್ಚಿದ ಚಾಲಕ ಬ್ರೇಕ್ ಒತ್ತಿದ. ಗೋಡೆಯ ಐದೂ ಪದರ ಕಲೆತು ಒಂದಾಯಿತು. ಕ್ರೀಮಿನ ಅರ್ಧ ಠಸ್ಸೆಯ ಅಂಗಿಗೆ ಹೋಯಿತು.

ನಾಲ್ಕು ಗಂಟೆ. ಗಡಿಯಾರ ಆಗಲೇ ಮೇಜಿನ ಮೇಲೆ ಹೊಳೆಯುತ್ತಿತ್ತು. ಟೈಪಿಸ್ಟು ಬಟ್ಟಲೊಳಗೆ ಇಣುಕಿದ.

"ಠಸ್ಸೆ ಸಾರ್, ಇದು ಕೇಕಾ ಇಲ್ಲಾ ಅಪಘಾತಾನಾ?"

"ಎರಡೂ" ಎಂದರು ಮೇಷ್ಟ್ರು.

ಸಾಹೇಬರು ಎರಡು ಮಾತಾಡಿ ಕೂತರು. ದೊಡ್ಡ ಗುಮಾಸ್ತರು ಗಡಿಯಾರ ನೋಡಿದರು. "ನಿವೃತ್ತಿ ಆದೋನಿಗೆ ಟೈಮ್ ನೋಡಿ ಏನಾಗ್ಬೇಕಪ್ಪಾ?" ಎಂದು ಅದನ್ನು ಪಕ್ಕಕ್ಕಿಟ್ಟರು. ಟೈಪಿಸ್ಟನ ಮುಖ ಇಳಿಯಿತು. ಆಮೇಲೆ ಅವರು ಚಮಚ ಎತ್ತಿ ಬಟ್ಟಲಿಗೆ ಹಾಕಿದರು.

ಮೂವತ್ತೆಂಟು ವರ್ಷದ ಸೇವೆಯಲ್ಲಿ ಅವರ ಮುಖದಲ್ಲಿ ನಗು ಕಂಡವರಿಲ್ಲ, ಅಳು ಕಂಡವರಿಲ್ಲ. ರಜೆ ಅರ್ಜಿಗಳು ಆ ಮುಖ ನೋಡಿಯೇ ತಾವಾಗಿ ವಾಪಸು ಹೋಗುತ್ತಿದ್ದವು. ಅಂಥ ಮನುಷ್ಯ ಒಂದು ಚಮಚ ತಿಂದರು. ಇನ್ನೊಂದು ತಿಂದರು. ಏಳನೆಯದಕ್ಕೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಉಳಿದವರು ಬಟ್ಟಲಿಗೆ ಮುಗಿಬಿದ್ದರು. ಸಾಹೇಬರಂತೂ ತಳ ಕೆರೆಯುತ್ತಿದ್ದರು.

"ಠಸ್ಸೆ, ಬಾಪ್ಪಾ ಇಲ್ಲಿ. ಇದನ್ನ ನಿಜವಾಗ್ಲೂ ನೀನೇ ಮಾಡಿದ್ದಾ?" ಎಂದರು ದೊಡ್ಡ ಗುಮಾಸ್ತರು.

"ಹೂಂ ಸಾರ್. ಬೆಳಗ್ಗೆಯಿಂದ."

"ನನಗೋಸ್ಕರ?"

ಠಸ್ಸೆ ಕಿಟಕಿಯ ಕಡೆ ನೋಡಿದ. "ನಿಮಗೋಸ್ಕರಾನೇ ಸಾರ್."

ದೊಡ್ಡ ಗುಮಾಸ್ತರು ಎದ್ದು ಅವನ ಹೆಗಲ ಮೇಲೆ ಕೈಯಿಟ್ಟರು. "ಎಲ್ಲರೂ ಕೇಳಿ. ನನ್ನ ಕುರ್ಚಿಗೆ ಈ ಕಚೇರೀಲಿ ಯೋಗ್ಯ ಅಂತ ಒಬ್ಬನಿದ್ರೆ ಅದು ಇವನೇ."

ಠಸ್ಸೆಯ ಕಾಲು ನೆಲದಿಂದ ಒಂದು ಗೇಣು ಮೇಲೆದ್ದಿತು. ಮೇಷ್ಟ್ರು ಆನಂದಕ್ಕೆ ಸೀಟಿ ಊದಿದರು.

"ಆದ್ರೆ," ದೊಡ್ಡ ಗುಮಾಸ್ತರು ಮತ್ತೆ ಕನ್ನಡಕ ಒರೆಸಿಕೊಂಡರು, "ಇನ್ನೂ ಎರಡು ವರ್ಷ ಇರಿ ಅಂತ ಮೇಲಿನೋರು ಹೋದ ತಿಂಗಳೇ ಬರೆದಿದ್ರು. ಇಲ್ಲಿ ನನ್ನ ಕಂಡ್ರೆ ಯಾರಿಗೂ ಆಗಲ್ಲ, ಯಾಕಿರಬೇಕು ಅಂದ್ಕೊಂಡು ಸುಮ್ಮನಿದ್ದೆ. ಇವತ್ತು ಗೊತ್ತಾಯ್ತು. ಇಂಥ ಪ್ರೀತೀನ ಬಿಟ್ಟು ಹೇಗಪ್ಪಾ ಹೋಗ್ಲಿ? ಸಾಹೇಬ್ರೇ, ನಾನು ಹೋಗಲ್ಲ."

ಜೇಬಿನಿಂದ ಮಡಚಿದ ಕಾಗದ ತೆಗೆದು ಅಲ್ಲೇ ಸಹಿ ಹಾಕಿದರು.

"ಬಹಳ ಸಂತೋಷ!" ಎಂದರು ಸಾಹೇಬರು, ಚಮಚ ನೆಕ್ಕುತ್ತ. "ಠಸ್ಸೆ, ಒಂದು ಮೊಹರು ಹಾಕಿಬಿಡಿ."

ಠಸ್ಸೆ ಮೊಹರು ಹಾಕಿದ. ದೊಡ್ಡ ಗುಮಾಸ್ತರು ಹೋಗಿ ಕಿಟಕಿ ಪಕ್ಕ ಕೂತು, ಗಾಳಿಗೆ ಮುಖವೊಡ್ಡಿ ಕಣ್ಣು ಮುಚ್ಚಿದರು. ಅಷ್ಟರಲ್ಲಿ ಹೆಂಡತಿಯ ಫೋನು ಬಂತು.

"ಏನಾಯ್ತು ರೀ? ಕೇಕು ಕೆಡ್ತಾ?"

"ಇಲ್ಲ ಕಣೇ," ಎಂದ ಠಸ್ಸೆ, "ಕೆಟ್ಟಿದ್ರೆ ಬಚಾವಾಗ್ತಿದ್ದೆ."