ಗಾರೆಯ ನಗು

ಆ ದಿನದ ಅನಾಹುತಕ್ಕೆಲ್ಲ ಮೂಲ ನಾಲ್ಕು ಕಬ್ಬಿಣದ ಕೊಳವೆ, ಎರಡು ಹಲಗೆ. ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಸಾಲುಮರದ ಬೀದಿಯಲ್ಲಿ ಒಂದು ಸುತ್ತು ಹಾಕಲು ಹೋದ ಕನ್ನಡಕದಂಗಡಿಯವರು, ಹಳದಿ ಬಂಗಲೆಯ ಮುಂದೆ ಗಾರೆಯವನೊಬ್ಬ ಸಾರುವೆ ಕಟ್ಟುತ್ತಿರುವುದನ್ನು ಕಂಡು ನಿಂತಲ್ಲೇ ನಿಂತುಬಿಟ್ಟರು.

ಸಾಲುಮರದ ಬೀದಿಯೆಂದರೆ ಆ ಊರಿನ ಹಳೆಯ ಶ್ರೀಮಂತಿಕೆಯ ಮೆರವಣಿಗೆ. ನಡುವೆ ತಿರುಗಾಡುವವರಿಗೆಂದು ಕಲ್ಲು ಹಾಸಿದ ಅಗಲವಾದ ದಾರಿ, ಎರಡೂ ಕಡೆ ಮುದಿಮರಗಳು, ಮರಗಳಾಚೆ ಸಾಹುಕಾರರು ಒಬ್ಬರ ಮೇಲೊಬ್ಬರು ಪೈಪೋಟಿಗೆ ಬಿದ್ದು ಕಟ್ಟಿಸಿದ ಬಂಗಲೆಗಳು. ಒಬ್ಬ ಕಂಬಗಳಿಗೆ ಎಲೆ ಕೆತ್ತಿಸಿದರೆ ಪಕ್ಕದವನು ಎಲೆಯ ಜೊತೆಗೆ ಹಣ್ಣನ್ನೂ ಕೆತ್ತಿಸಿದ್ದ. ಅವನ ಪಕ್ಕದವನು ಹಣ್ಣು ಕುಕ್ಕುವ ಹಕ್ಕಿಯನ್ನೂ ಬಿಟ್ಟಿರಲಿಲ್ಲ. ಹಳದಿ ಬಂಗಲೆಯ ಸಾಹುಕಾರ ಇವರೆಲ್ಲರನ್ನೂ ಮೀರಿಸುವ ಹಟಕ್ಕೆ ಪ್ರತಿ ಕಿಟಕಿಯ ನೆತ್ತಿಯ ಮೇಲೂ ಗಾರೆಯ ಹೆಣ್ಣುಮುಖವೊಂದನ್ನು ಕೂರಿಸಿದ್ದ. ಎಲ್ಲವೂ ಒಂದೇ ಅಚ್ಚಿನವು. ದುಂಡುಕೆನ್ನೆ, ಬಿಗಿದ ತುಟಿ, ರಜೆ ಕೇಳಲು ಬಂದವನನ್ನು ನೋಡುವ ಮೇಲಧಿಕಾರಿಯ ಗತ್ತು.

ಕಾಲಕ್ಕೆ ಒಂದರ ಮೂಗು, ಇನ್ನೊಂದರ ಕಿವಿ ಒಡೆದಿದ್ದರೂ ಆ ಗತ್ತು ಕುಂದಿರಲಿಲ್ಲ. ಮೂಲೆಯ ಕಿಟಕಿಯ ಮುಖ ಮಾತ್ರ ಬೇರೆ. ಯಾವ ಕಾಲದಲ್ಲೋ ಅದರ ತುಟಿಯ ಎಡತುದಿಯಲ್ಲಿ ಗಾರೆ ಒಡೆದು ಸಣ್ಣ ಬಿರುಕೊಂದು ಮೇಲಕ್ಕೆ ಹರಿದಿತ್ತು. ಅದರಿಂದ ಅದಕ್ಕೊಂದು ಓರೆನಗು ಬಂದುಬಿಟ್ಟಿತ್ತು. ಅದು ಕನ್ನಡಕದವರ ಹೆಂಡತಿಯ ನಗು. ಗಂಡ ಪೆದ್ದುಪೆದ್ದಾಗಿ ಏನಾದರೂ ಅಂದಾಗ, ಹೋಗಲಿ ಪಾಪ ಎಂದು ಆಕೆ ನಗುತ್ತಿದ್ದದ್ದು ಥೇಟ್ ಹಾಗೆಯೇ.

ಆಕೆ ತೀರಿಕೊಂಡು ಎರಡು ವರ್ಷವಾಗಿತ್ತು. ಕ್ಯಾಮೆರಾ ಕಂಡರೆ ಆಕೆಗೆ ಎಲ್ಲಿಲ್ಲದ ನಾಚಿಕೆ. ಮನೆಯಲ್ಲಿದ್ದ ಫೋಟೋಗಳಲ್ಲಿ ಆಕೆಯ ಅಂಗೈ ಇತ್ತು, ಬೆನ್ನಿತ್ತು, ಒಂದರಲ್ಲಿ ಬಾಗಿಲಾಚೆಗೆ ಓಡಿಹೋಗುತ್ತಿರುವ ಹಿಮ್ಮಡಿಯೂ ಇತ್ತು. ಮುಖ ಒಂದರಲ್ಲೂ ಇರಲಿಲ್ಲ. ಊರಿನ ಅರ್ಧ ಜನಕ್ಕೆ ಕಣ್ಣು ಕಾಣಿಸುವಂತೆ ಮಾಡಿದ ಮನುಷ್ಯನಿಗೆ ತನ್ನ ಹೆಂಡತಿಯನ್ನು ನೋಡಬೇಕೆಂದರೆ ಆ ಕಿಟಕಿಯ ನೆತ್ತಿಯೇ ಗತಿಯಾಗಿತ್ತು. ದಿನಾ ಸಂಜೆ ಎದುರಿನ ಬೆಂಚಿನ ಮೇಲೆ ಕೂತು, ಯಾರು ಬಂದರು, ಯಾರು ಕನ್ನಡಕದ ಮೇಲೆ ಕೂತು ಮುರಿದುಕೊಂಡರು ಎಂಬುದನ್ನೆಲ್ಲ ಮನಸ್ಸಿನಲ್ಲೇ ಅವಳಿಗೆ ಹೇಳುತ್ತಿದ್ದರು. ಇದನ್ನು ಬಾಯಿಬಿಟ್ಟು ಯಾರಿಗೆ ಹೇಳುವುದು? ಗೋಡೆಯ ಜೊತೆ ಸಂಸಾರ ಮಾಡುತ್ತಾನೆ ಎಂದು ನಕ್ಕಾರು. ಕೇಳಿದವರಿಗೆ, "ಮಂಡಿನೋವು, ಡಾಕ್ಟ್ರು ನಡೀರಿ ಅಂದಿದಾರೆ" ಎಂದು ಹೇಳಿ ಜಾರಿಕೊಳ್ಳುತ್ತಿದ್ದರು.

ಈಗ ಆ ಮುಖದ ಪಕ್ಕಕ್ಕೇ ಹಲಗೆ ಬಂದು ಕೂತಿತ್ತು.

"ಏನು ಮಾಡ್ತೀರಪ್ಪಾ ಇವಕ್ಕೆ?" ಎಂದು ಕನ್ನಡಕದವರು ಕೆಳಗಿನಿಂದ ಕೂಗಿದರು.

"ಸಂಜೆಗೆ ಬಂದು ನೋಡಿ ಸ್ವಾಮಿ! ಒಂದೊಂದನ್ನೂ ಮದುಮಗಳ ಹಾಗೆ ಮಾಡಿಡ್ತೀನಿ!" ಎಂದು ಗಾರೆಯವನು ಮೇಲಿನಿಂದ ಕೂಗಿದ.

ಇನ್ನೇನು ಕೇಳಬೇಕೆನ್ನುವಷ್ಟರಲ್ಲಿ ಹಿಂದಿನಿಂದ, "ಯಾರನ್ನಣ್ಣಾ ಹಂಗೆ ಬಾಯಿಬಿಟ್ಕೊಂಡು ನೋಡ್ತಿದೀರಿ?" ಎಂದು ದನಿ ಬಂತು. ಕನ್ನಡಕದವರ ಪಕ್ಕದ ಮನೆಯ ರೇಡಿಯೋ ಅಕ್ಕ. ಸುದ್ದಿ ಹರಡುವುದರಲ್ಲಿ ಎತ್ತಿದ ಕೈ ಆದ್ದರಿಂದ ಬೀದಿಯವರು ಇಟ್ಟ ಹೆಸರು ಅದು. ಆಕೆ ಕನ್ನಡಕದವರ ದೃಷ್ಟಿ ಹಿಡಿದು ಮೇಲಕ್ಕೆ ನೋಡಿದಳು. ಗಾರೆಯ ಮುಖದ ಕೆಳಗಿನ ಕಿಟಕಿಯಲ್ಲಿ, ಬಂಗಲೆಯ ಮಹಡಿಯಲ್ಲಿ ದವಾಖಾನೆ ಇಟ್ಟಿದ್ದ ಹಲ್ಲಿನ ಡಾಕ್ಟರಮ್ಮ ಗಿಡಕ್ಕೆ ನೀರು ಹಾಕುತ್ತಿದ್ದರು.

"ಓಹೋ! ಮಂಡಿನೋವು ಅಂದ್ರೆ ಇದಾ?" ಅಕ್ಕನ ಕಣ್ಣು ಅರಳಿತು. "ತಪ್ಪೇನಿಲ್ಲ ಬಿಡಿ. ಎಷ್ಟು ದಿನ ಅಂತ ಒಬ್ರೇ ಇರ್ತೀರಿ? ಪಾಪ, ಅವರೂ ಒಂಟಿನೇ."

"ಛೆ ಛೆ! ಹಲ್ಲುನೋವು ಕಣಮ್ಮಾ, ಅದಕ್ಕೇ ಬಂದೆ" ಎಂದು ಕನ್ನಡಕದವರು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟರು.

"ಹಾಗಾದ್ರೆ ಇಲ್ಲೇನು ನಿಂತಿದೀರಿ? ನಡೀರಿ ಮೇಲೆ. ನಾನೂ ಬರ್ತೀನಿ."

ಅವರು ಹೂಂ ಅಂದದ್ದಕ್ಕೆ ಕಾರಣವಿತ್ತು. ಆ ಕಿಟಕಿಯಿಂದ ಗಾರೆಯವನು ಕೈಯಳತೆಯಲ್ಲೇ ಸಿಗುತ್ತಾನೆ. ಬೀದಿಯಲ್ಲಿ ಕೂಗಿ ಹೇಳಲಾಗದ್ದನ್ನು ಅಲ್ಲಿ ಮೆಲ್ಲಗೆ ಹೇಳಬಹುದು.

ಆದರೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತವನಿಗೆ ಮಾತಾಡುವ ಯೋಗ ಎಲ್ಲಿಯದು? ಬಾಯಿ ತೆರೆದದ್ದೇ ತಡ ಕನ್ನಡಿ ಒಳಗೆ ಹೋಯಿತು. "ಯಾವ ಹಲ್ಲು?" ಎಂದು ಡಾಕ್ಟರಮ್ಮ ಕೇಳಿದರು. ಕನ್ನಡಕದವರ ಜೀವವೆಲ್ಲ ಕಿಟಕಿಯಾಚೆಯ ಹಲಗೆಯ ಮೇಲಿತ್ತು. ಸುಮ್ಮನೆ "ಆಂ" ಎಂದರು.

"ಎಡಗಡೆ ಕೆಳಗಿಂದು ಇರಬೇಕು ಡಾಕ್ಟ್ರೇ. ನಾಚಿಕೆ ಸ್ವಭಾವ ಅವರದು, ಬಾಯಿಬಿಟ್ಟು ಹೇಳೋರಲ್ಲ" ಎಂದು ಅಕ್ಕ ಮೂಗು ತೂರಿಸಿದಳು.

ಅಲ್ಲೊಂದು ಹುಳುಕು ಹಲ್ಲು ಇದ್ದದ್ದು ಕನ್ನಡಕದವರ ಗ್ರಹಚಾರ. ಪಾಪ, ಅದು ಯಾರ ತಂಟೆಗೂ ಹೋಗದೆ ತನ್ನ ಪಾಡಿಗೆ ಇತ್ತು. ಸೂಜಿ ಬಿತ್ತು, ದವಡೆ ಮರಗಟ್ಟಿತು, ಹಲ್ಲು ತಟ್ಟೆಗೆ ಬಂದು ಠಣ್ಣೆಂದಿತು. ಬಾಯ್ತುಂಬ ಹತ್ತಿ ತುರುಕಿ, "ಒಂದು ಗಂಟೆ ಮಾತಾಡ್ಬಾರದು" ಎಂದು ಹೇಳಿ ಡಾಕ್ಟರಮ್ಮ ಕೈ ತೊಳೆಯಲು ಹೋದರು.

ಕನ್ನಡಕದವರು ಕುರ್ಚಿಯಿಂದ ಹಾರಿ ಕಿಟಕಿಗೆ ಬಂದರು. ಗಾರೆಯವನು ಬ್ರಷ್ ಹಿಡಿದು ಪಕ್ಕದ ಕಿಟಕಿಯ ಮುಖ ಮುಗಿಸುತ್ತಿದ್ದ. ಮುಂದಿನದು ಇದೇ. "ಊಂ ಊಂ" ಎಂದರು. ಅವನು ತಿರುಗಿದ. ಇವರು ಮೇಲಿನ ಮುಖದತ್ತ ಬೆರಳು ತೋರಿಸಿದರು, ತಮ್ಮ ತುಟಿಯ ಎಡತುದಿ ಮುಟ್ಟಿ ತೋರಿಸಿದರು, ಎರಡೂ ಕೈ ಆಡಿಸಿದರು, ಕೊನೆಗೆ ಕೈ ಮುಗಿದರು. ಆ ತುಟಿ ಮುಟ್ಟಬೇಡಪ್ಪಾ, ನನಗಿರುವುದು ಅದೊಂದೇ ಎಂದು ಹೇಳುವ ಮಾತು ಹತ್ತಿಯಲ್ಲಿ ಸಿಕ್ಕಿಕೊಂಡು ಕಣ್ಣೀರಾಗಿ ಇಳಿಯಿತು.

ಗಾರೆಯವನು ಇವರನ್ನು ನೋಡಿದ, ಮುಖವನ್ನು ನೋಡಿದ, ಎದೆಯ ಮೇಲೆ ಕೈಯಿಟ್ಟುಕೊಂಡ. "ಅರ್ಥ ಆಯ್ತು ಸ್ವಾಮಿ. ನಾನಿದೀನಲ್ಲ. ನೀವು ನಿಶ್ಚಿಂತೆಯಾಗಿ ಹೋಗಿ ಮಲಗಿ."

ಕನ್ನಡಕದವರಿಗೆ ಹೋದ ಜೀವ ಬಂದಂತಾಯಿತು. ಹೆಂಡತಿ ಸತ್ತ ಮೇಲೆ ಒಬ್ಬ ಮನುಷ್ಯನಿಗಾದರೂ ತಮ್ಮ ಸಂಕಟ ತಿಳಿಯಿತಲ್ಲ ಎಂದು ಮನಸ್ಸು ಹಗುರವಾಯಿತು. ಹಿಂದೆ ಬಾಗಿಲಲ್ಲಿ ಅಕ್ಕ, "ನೋಡಿ ಡಾಕ್ಟ್ರೇ, ನಿಮ್ಮನ್ನ ಬಿಟ್ಟು ಹೋಗೋಕೆ ಎಷ್ಟು ಸಂಕಟಪಡ್ತಿದಾರೆ" ಎಂದು ಪಿಸುಗುಟ್ಟುತ್ತಿದ್ದದ್ದು ಅವರ ಕಿವಿಗೆ ಬೀಳಲಿಲ್ಲ. ಮನೆಗೆ ಹೋಗಿ ಬಹಳ ದಿನದ ಮೇಲೆ ಮಗುವಿನ ಹಾಗೆ ನಿದ್ದೆ ಮಾಡಿದರು.

ಸಂಜೆ ಊದಿದ ಕೆನ್ನೆ ಹೊತ್ತುಕೊಂಡು ಬಂದರು. ಡಾಕ್ಟರಮ್ಮನ ಸಂಗತಿ ಏನಾಯಿತೆಂದು ನೋಡಲು ಅಕ್ಕನೂ ಬೆನ್ನಿಗೇ ಬಂದಳು. ಸಾರುವೆ ಬಿಚ್ಚಿಯಾಗಿತ್ತು. ಮುಖಗಳೆಲ್ಲ ಧೂಳು ಕಳೆದು ಬೆಳ್ಳಗಾಗಿದ್ದವು. ಒಂದರ ಮುರಿದ ಮೂಗು, ಇನ್ನೊಂದರ ಸೀಳಿದ ಕಿವಿ, ಮತ್ತೊಂದರ ಹಣೆಯ ಬಿರುಕು ಎಲ್ಲವೂ ಇದ್ದ ಹಾಗೆಯೇ ಇದ್ದವು. ಮೂಲೆಯ ಮುಖವೊಂದು ಮಾತ್ರ ನುಣ್ಣಗೆ, ತುಂಬು ತುಟಿ ಬಿಗಿದುಕೊಂಡು ಕೆಳಗೆ ನೋಡುತ್ತಿತ್ತು.

ಗಾರೆಯವನು ಕೈ ಒರೆಸಿಕೊಳ್ಳುತ್ತ ಬಂದ. "ಹೇಗಿದೆ ಸ್ವಾಮಿ? ನಮಗೆ ಬರೀ ತೊಳೆಯೋಕೆ ಹೇಳಿದ್ದು. ಹಳೇ ಬಿರುಕು ಒಂದನ್ನೂ ಮುಟ್ಟಬಾರದು ಅಂತ ಎಂಜಿನಿಯರ್ರು ಕಟ್ಟಪ್ಪಣೆ ಮಾಡಿದ್ರು. ಆದ್ರೆ ನೀವು ತುಟಿ ತೋರಿಸಿ, ಕೈ ಮುಗಿದು, ಹಂಗೆ ಅತ್ತಿರಲ್ಲ, ನನ್ನ ಕರುಳು ಚುರಕ್ ಅಂತು. ಆಗಿದ್ದಾಗಲಿ ಅಂತ ನಿಮಗೋಸ್ಕರ ಅದೊಂದನ್ನ ಮಾತ್ರ ಮುಚ್ಚಿಬಿಟ್ಟೆ. ಬಿರುಕು ಎಲ್ಲಿತ್ತು ಅಂತ ಈಗ ನೀವೇ ಹುಡುಕಿದ್ರೂ ಸಿಗೋದಿಲ್ಲ."

ಕನ್ನಡಕದವರು ಹುಡುಕಿದರು. ಸಿಗಲಿಲ್ಲ. ತಲೆಯ ಮೇಲೆ ಯಾರೋ ಪರಸ್ಥಳದ ಹೆಂಗಸು, ಇವರ ಪರಿಚಯವೇ ಇಲ್ಲದವಳು. ಬೆಂಚಿನ ಮೇಲೆ ಕುಸಿದು ಕೂತು, ಓಡಾಡುವ ಜನರೆದುರೇ ಗಟ್ಟಿಯಾಗಿ ಅಳತೊಡಗಿದರು. ಹೆಂಡತಿಯನ್ನು ಮಣ್ಣುಮಾಡಿದ ದಿನವೂ ಅವರು ಹಾಗೆ ಅತ್ತಿರಲಿಲ್ಲ.

"ಅಯ್ಯೋ, ಇಷ್ಟಕ್ಕೆಲ್ಲ ಸಂತೋಷ ಪಡ್ತಾರಾ ಸ್ವಾಮಿ?" ಎಂದು ಗಾರೆಯವನೂ ಕಣ್ಣೊರೆಸಿಕೊಂಡ.

ಅಕ್ಕ ಅವನನ್ನು ಪಕ್ಕಕ್ಕೆ ಸರಿಸಿ ಕನ್ನಡಕದವರ ಬೆನ್ನು ಸವರಿದಳು. "ಮರಗಟ್ಟಿದ್ದು ಬಿಟ್ಟಿರಬೇಕು, ಅದಕ್ಕೇ ನೋವು. ಅಳಬೇಡಿ ಅಣ್ಣಾ. ನಾಳೆ ಬೆಳಿಗ್ಗೆ ಹೊತ್ತಿಗೆ ಏನೂ ಇರೋದಿಲ್ಲ."